ಡಿವೋರ್ಸ್‌ಗೆ ನಿಜವಾಗಿ ಎಷ್ಟು ಖರ್ಚಾಗುತ್ತದೆ?

ಪ್ರಶ್ನೆ: ಮದುವೆಯಾಗಿ ಆರು ವರ್ಷ. ಒಂದೂವರೆ ವರ್ಷದಿಂದ ನಾನು ಉಡುಪಿಯ ತವರುಮನೆಯಲ್ಲಿದ್ದೇನೆ, ಅವರು ದುಬೈಯಲ್ಲಿದ್ದಾರೆ. ನಾಲ್ಕು ವರ್ಷದ ಮಗಳಿದ್ದಾಳೆ. ಬೇರೆಯಾಗುವುದಕ್ಕೆ ಇಬ್ಬರ ತಕರಾರೂ ಇಲ್ಲ. ಇಬ್ಬರು ವಕೀಲರ ಹತ್ತಿರ ಫೀ ಕೇಳಿದೆ, ಎರಡನೆಯವರು ಹೇಳಿದ್ದು ಮೊದಲಿನವರ ಮೂರು ಪಟ್ಟು. ಯಾರನ್ನು ನಂಬಬೇಕು? ನಿಜವಾಗಿ ಎಷ್ಟಾಗುತ್ತದೆ?

ಉತ್ತರ: ಆ ಇಬ್ಬರಲ್ಲಿ ಒಬ್ಬರು ಮೋಸ ಮಾಡುತ್ತಿದ್ದಾರೆ ಅಂತ ಈಗಲೇ ತೀರ್ಮಾನ ಮಾಡಬೇಡಿ. ಬಹುಶಃ ಇಬ್ಬರೂ ಬೇರೆ ಬೇರೆ ಕೆಲಸಕ್ಕೆ ಫೀ ಹೇಳಿದ್ದಾರೆ. ಮೊದಲಿನವರು ‘ಇಬ್ಬರೂ ಒಪ್ಪಿದ್ದೇವೆ’ ಎಂಬ ನಿಮ್ಮ ಮಾತನ್ನು ಹಾಗೇ ತೆಗೆದುಕೊಂಡು ಅರ್ಜಿ ಬರೆಯುವುದು, ಎರಡು ಮೂರು ಸಲ ಕೋರ್ಟಿಗೆ ಬರುವುದು, ಇಷ್ಟಕ್ಕೆ ಲೆಕ್ಕ ಹಾಕಿರಬಹುದು. ಎರಡನೆಯವರು ಮಗಳು ಯಾರ ಹತ್ತಿರ ಇರುತ್ತಾಳೆ, ಚಿನ್ನ ಯಾರ ಲಾಕರಿನಲ್ಲಿದೆ, ಗಂಡ ಊರಿಗೆ ಬರುತ್ತಾರಾ ಅಂತ ಕೇಳಿರಬಹುದು, ನೀವು ‘ಅದೆಲ್ಲ ಇನ್ನೂ ಮಾತಾಡಿಲ್ಲ’ ಅಂದಿರಬಹುದು. ಫೀ ಏರುವುದು ಅಲ್ಲೇ.

ಕೋರ್ಟ್ ಫೀ ಎಷ್ಟು ಅಂತ ತುಂಬ ಜನ ಹೆದರುತ್ತಾರೆ. ಆ ಹೆದರಿಕೆ ಬೇಡ. ಆಸ್ತಿ ದಾವೆಯ ಹಾಗೆ ಆಸ್ತಿಯ ಬೆಲೆ ನೋಡಿ ಶುಲ್ಕ ಕಟ್ಟುವ ಕ್ರಮ ಡಿವೋರ್ಸ್ ಅರ್ಜಿಗೆ ಇಲ್ಲ, ಒಟ್ಟು ಖರ್ಚಿನಲ್ಲಿ ಅದು ತೀರಾ ಸಣ್ಣ ಮೊತ್ತ. ದುಡ್ಡು ಹೋಗುವುದು ವಕೀಲರ ಫೀಗೆ ಮತ್ತು ಕೋರ್ಟಿಗೆ ಅಲೆದಾಡುವ ದಿನಗಳಿಗೆ. ಎಷ್ಟು ದಿನ ಅಲೆಯಬೇಕು ಅನ್ನುವುದನ್ನು ನಿರ್ಧರಿಸುವುದು ನೀವಿಬ್ಬರೂ ಇನ್ನೂ ಒಪ್ಪಿಕೊಳ್ಳದೆ ಬಿಟ್ಟ ವಿಷಯಗಳು.

ಹಿಂದೂ ವಿವಾಹ ಕಾಯ್ದೆಯ 13ಬಿ ಕಲಂನಲ್ಲಿ ಪರಸ್ಪರ ಒಪ್ಪಿಗೆಯ ವಿಚ್ಛೇದನ ಇದೆ. ಕನಿಷ್ಠ ಒಂದು ವರ್ಷ ಬೇರೆ ಬೇರೆ ಇದ್ದಿರಬೇಕು, ನಿಮಗೆ ಅದಾಗಿದೆ. ಇಬ್ಬರೂ ಸೇರಿ ಅರ್ಜಿ ಹಾಕಬೇಕು. ಅಲ್ಲಿಂದ 6 ತಿಂಗಳು ಕಳೆದ ಮೇಲೆ, 18 ತಿಂಗಳೊಳಗೆ, ‘ನಮ್ಮ ಮನಸ್ಸು ಬದಲಾಗಿಲ್ಲ’ ಅಂತ ಮತ್ತೊಮ್ಮೆ ಹೇಳಬೇಕು. ಈ 6 ತಿಂಗಳ ಕಾಯುವಿಕೆಯನ್ನು ಕೋರ್ಟ್ ಮನ್ನಾ ಮಾಡಬಹುದು ಅಂತ 2017ರಲ್ಲಿ ಅಮರ್‌ದೀಪ್ ಸಿಂಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಆದರೆ ಸುಮ್ನೆ ಕೇಳಿದರೆ ಸಿಗುವುದಿಲ್ಲ. ಜೀವನಾಂಶ, ಮಗುವಿನ ವಿಷಯ, ಉಳಿದ ತಕರಾರು ಎಲ್ಲವೂ ನಿಜಕ್ಕೂ ಮುಗಿದಿದೆಯಾ, ಮತ್ತೆ ಒಂದಾಗುವ ಸಾಧ್ಯತೆ ಏನಾದರೂ ಇದೆಯಾ ಅಂತ ನ್ಯಾಯಾಧೀಶರು ನೋಡುತ್ತಾರೆ. ಅಂದರೆ ಮನೆಯಲ್ಲೇ ಕೂತು ಮಾತು ಮುಗಿಸಿದವರಿಗೆ ಸಮಯವೂ ಉಳಿಯುತ್ತದೆ, ದುಡ್ಡೂ ಉಳಿಯುತ್ತದೆ.

ಒಪ್ಪಿಗೆ ಮುರಿದರೆ ಏನಾಗುತ್ತದೆ ಅಂತ ಒಂದು ಲೆಕ್ಕ ಹಾಕೋಣ. ಅಂಕಿಗಳು ಬರೀ ಅಂದಾಜು, ನಿಮ್ಮ ವಕೀಲರು ಹೇಳಿದ ಮೊತ್ತ ಹಾಕಿ ನೀವೇ ಮಾಡಿ ನೋಡಿ. ಆರು ವಾರಕ್ಕೊಂದು ವಾಯಿದೆ, ಮೂರು ವರ್ಷ ಕೇಸು ಅಂದುಕೊಂಡರೆ 26 ವಾಯಿದೆ. ಪ್ರತಿ ವಾಯಿದೆಗೆ ವಕೀಲರಿಗೆ 1,500 ರೂಪಾಯಿ ಅಂದರೆ 39,000. ಆ ದಿನ ಕೆಲಸಕ್ಕೆ ರಜೆ ಹಾಕಿ 1,000 ರೂಪಾಯಿ ಸಂಬಳ ಹೋದರೆ 26,000. ಅಲ್ಲಿಗೆ 65,000 ಆಯಿತು. ಅರ್ಜಿ ಬರೆಸಿದ್ದು, ಸಾಕ್ಷಿ, ಪಾಟೀಸವಾಲು ಇದರಲ್ಲಿ ಸೇರಿಲ್ಲ. ಎದುರು ಪಕ್ಷದವರಿಗೂ ಅಷ್ಟೇ ಹೋಗುತ್ತದೆ, ಅದೂ ಇದೇ ಸಂಸಾರದ ದುಡ್ಡು. ಮಂಗಳೂರಿನ ಕರಂಗಲ್ಪಾಡಿ ಕೋರ್ಟಿನಲ್ಲಿ ಬೆಳಗ್ಗೆ ಹೋಗಿ ನಿಂತರೆ ಗೊತ್ತಾಗುತ್ತದೆ: ಹೆಸರು ಕೂಗುತ್ತಾರೆ, ಒಂದು ಕಡೆಯ ವಕೀಲರು ಸಮಯ ಕೇಳುತ್ತಾರೆ, ಎರಡು ನಿಮಿಷದಲ್ಲಿ ಮುಂದಿನ ತಾರೀಕು. ಅದಕ್ಕಾಗಿ ಬಂದವರು ಬೆಳಗಿನ ಬಸ್ಸು ಹಿಡಿದು, ಮಗುವನ್ನು ಅಮ್ಮನ ಹತ್ತಿರ ಬಿಟ್ಟು ಬಂದಿರುತ್ತಾರೆ. ಇಲ್ಲಿನ ತೀರ್ಪು ಒಪ್ಪದೆ ಮೇಲ್ಮನವಿ ಹೋದರೆ ಉಡುಪಿ, ದಕ್ಷಿಣ ಕನ್ನಡ ಎರಡೂ ಜಿಲ್ಲೆಯವರಿಗೆ ಹೈಕೋರ್ಟ್ ಅಂದರೆ ಬೆಂಗಳೂರೇ. ಅಲ್ಲಿ ಬೇರೆ ವಕೀಲರು, ಬೇರೆ ಫೀ, ಘಾಟಿ ಹತ್ತಿ ಇಳಿಯುವ ಖರ್ಚು.

ಹಾಗಾಗಿ ವಕೀಲರ ಆಫೀಸಿಗೆ ಮತ್ತೆ ಹೋಗುವ ಮೊದಲು ಒಂದು ಹಾಳೆ ತೆಗೆದುಕೊಳ್ಳಿ. ಇದೊಂದನ್ನು ದಯವಿಟ್ಟು ಮಾಡಿ. ಮದುವೆಯಲ್ಲಿ ನಿಮ್ಮ ಕಡೆಯಿಂದ ಬಂದ ಚಿನ್ನ ಒಂದೊಂದಾಗಿ ಬರೆಯಿರಿ: ಕರಿಮಣಿ, ಬಳೆ, ಹಾರ, ಎಷ್ಟು ಪವನು, ಈಗ ಯಾರ ಹತ್ತಿರ. ‘ಎಲ್ಲಾ ಚಿನ್ನ ವಾಪಸ್’ ಅಂತ ಬರೆದರೆ ಸಾಲದು, ಜಗಳ ಹುಟ್ಟುವುದೇ ಅಂಥ ಸಾಲಿನಲ್ಲಿ. ಮಗಳು ನಿಮ್ಮ ಹತ್ತಿರ ಇದ್ದರೆ ಅವರು ರಜೆಗೆ ಬಂದಾಗ ಎಷ್ಟು ದಿನ ಕರೆದುಕೊಂಡು ಹೋಗಬಹುದು, ವಿಡಿಯೋ ಕಾಲ್ ಯಾವ ದಿನ, ಪಾಸ್‌ಪೋರ್ಟಿಗೆ ಸಹಿ ಬೇಕಾದರೆ ಏನು, ಶಾಲೆ ಫೀ ಯಾರದು. ಇಡುಗಂಟಾಗಿ ಹಣ ಕೊಡುವುದಾದರೆ ಯಾವ ದಿನ ಎಷ್ಟು. ಒಂದು ಪಾಲು ಅರ್ಜಿ ಹಾಕುವಾಗ, ಉಳಿದದ್ದು ಎರಡನೇ ಹೇಳಿಕೆಯ ದಿನ ನ್ಯಾಯಾಧೀಶರ ಎದುರೇ ಡಿಡಿ, ಹೀಗೆ ಮಾಡುವುದು ರೂಢಿ. ಅದಕ್ಕೆ ಕಾರಣ ಇದೆ. ಡಿಕ್ರಿ, ಅಂದರೆ ಕೋರ್ಟಿನ ಅಂತಿಮ ಆದೇಶ, ಆಗುವ ತನಕ ಇಬ್ಬರಲ್ಲಿ ಯಾರು ಬೇಕಾದರೂ ಒಪ್ಪಿಗೆ ಹಿಂದೆ ತೆಗೆದುಕೊಳ್ಳಬಹುದು ಅಂತ 1991ರಲ್ಲೇ ಸುಪ್ರೀಂ ಕೋರ್ಟ್ ಹೇಳಿದೆ.

ಇಬ್ಬರೇ ಕೂತು ಮಾತಾಡಲು ಆಗದಿದ್ದರೆ ಹಿರಿಯರನ್ನು ಕೂರಿಸಿಕೊಳ್ಳಬಹುದು. ಆದರೆ ಮಾವ, ಭಾವ, ದೊಡ್ಡಪ್ಪ ಎಲ್ಲ ಸೇರಿದ ಪಂಚಾತಿಕೆಯಲ್ಲಿ ಮದುವೆ ಹಾಲ್‌ನ ಬಿಲ್ಲಿನಿಂದ ಶುರುವಾಗಿ ಹಳೆಯದೆಲ್ಲ ಎದ್ದು ಬರುತ್ತದೆ, ಹತ್ತಿರ ಬಂದ ಮಾತು ಮುರಿಯುತ್ತದೆ. ಕೋರ್ಟಿಗೆ ಸೇರಿದ ಮಧ್ಯಸ್ಥಿಕೆ ಕೇಂದ್ರದಲ್ಲಿ ತರಬೇತಿ ಪಡೆದವರು ಕೂರಿಸಿ ಮಾತಾಡಿಸುತ್ತಾರೆ, ನಿಮಗೆ ಖರ್ಚಿಲ್ಲ. ನನ್ನ ಮಟ್ಟಿಗೆ ಅದೇ ಒಳ್ಳೆಯದು.

ಕಡಿಮೆ ಖರ್ಚಾಗಲಿ ಅಂತ ಏನನ್ನೂ ಕೇಳದೆ ಸಹಿ ಹಾಕಬೇಡಿ. ‘ನನಗೆ ಏನೂ ಬೇಡ, ಮುಗಿದರೆ ಸಾಕು’ ಅಂತ ಹೇಳುವ ಹೆಣ್ಣುಮಕ್ಕಳನ್ನು ನೋಡಿದಾಗ ತುಂಬಾ ಬೇಜಾರಾಗುತ್ತದೆ. ನಿಮ್ಮದನ್ನು ಬಿಡುವುದು ನಿಮಗೆ ಬಿಟ್ಟದ್ದು, ಮಗಳ ಪಾಲಿನದನ್ನು ಬಿಟ್ಟುಕೊಡುವ ಅಧಿಕಾರ ನಿಮಗಿಲ್ಲ. ಅವಳ ಖರ್ಚು ಅಪ್ಪನ ಜವಾಬ್ದಾರಿಯೂ ಹೌದು. ತಕರಾರು ಜೀವನಾಂಶದ ಮೇಲೆಯೇ ನಿಂತರೆ 2020ರ ರಜನೀಶ್ ವಿರುದ್ಧ ನೇಹಾ ತೀರ್ಪು ನೆನಪಿರಲಿ. ಇಬ್ಬರೂ ಆದಾಯ, ಆಸ್ತಿ, ಸಾಲದ ವಿವರವನ್ನು ಅಫಿಡವಿಟ್ ಮಾಡಿ ಕೊಡಬೇಕು. ದುಬೈ ಸಂಬಳ ಎಷ್ಟು ಅಂತ ಊಹೆ ಮಾಡುತ್ತಾ ಕೂರಬೇಕಾಗಿಲ್ಲ.

ಅವರು ಅಲ್ಲಿರುವುದರಿಂದ ಬರುವ ಖರ್ಚು ಬೇರೆ. ಅಪ್ಪನಿಗೋ ಅಣ್ಣನಿಗೋ ಪವರ್ ಆಫ್ ಅಟಾರ್ನಿ ಕೊಡುವುದಾದರೆ ಅಲ್ಲಿನ ಭಾರತೀಯ ಕಾನ್ಸುಲೇಟಿನಲ್ಲಿ ದೃಢೀಕರಿಸಿ ಕಳುಹಿಸಬೇಕು, ಇಲ್ಲಿಗೆ ಬಂದ 3 ತಿಂಗಳೊಳಗೆ ಮುದ್ರಾಂಕ ಶುಲ್ಕ ಕಟ್ಟಬೇಕು. ವಿಡಿಯೋ ಕಾನ್ಫರೆನ್ಸ್ ಮೂಲಕ ಹಾಜರಾಗಲು ಕೋರ್ಟಿನ ಅನುಮತಿ ಕೇಳಬಹುದು. ಸಿಕ್ಕಿದರೆ ಒಂದು ವಿಮಾನ ಟಿಕೆಟ್ ಉಳಿಯಿತು. ಇಲ್ಲದಿದ್ದರೆ ಅವರ ರಜೆಗೆ ಸರಿಯಾಗಿ ತಾರೀಕು ಹೊಂದಿಸಲು ವಕೀಲರಿಗೆ ಮೊದಲೇ ಹೇಳಿ.

ಇಬ್ಬರ ಹೆಸರಿನಲ್ಲಿ ಫ್ಲಾಟೋ ಜಾಗವೋ ಇದ್ದರೆ ಇನ್ನೊಂದು ಲೆಕ್ಕ ಇದೆ, ಇದನ್ನು ತುಂಬ ಜನ ಮರೆಯುತ್ತಾರೆ. ಗಂಡ ಹೆಂಡತಿ ನಡುವೆ ದಾನಪತ್ರ ಮಾಡಿದರೆ ಮುದ್ರಾಂಕ ಶುಲ್ಕ ಕ್ರಯಪತ್ರಕ್ಕಿಂತ ಎಷ್ಟೋ ಕಡಿಮೆ. ಡಿಕ್ರಿ ಆದ ಮೇಲೆ ನೀವು ಗಂಡ ಹೆಂಡತಿ ಅಲ್ಲವಲ್ಲ, ಆ ರಿಯಾಯಿತಿ ಸಿಗುವುದಿಲ್ಲ. ಯಾವಾಗ ಬರೆಸಬೇಕು ಅಂತ ಮೊದಲೇ ವಿಚಾರಿಸಿ.

ಇದೇ ಪ್ರಶ್ನೆ ಕೇಳುವ ಬೇರೆಯವರಿಗೂ ಎರಡು ಮಾತು. ನೋಟರಿ ಎದುರು ಸ್ಟ್ಯಾಂಪ್ ಪೇಪರಿನಲ್ಲಿ ‘ಬಿಡುಗಡೆ’ ಬರೆಸಿಕೊಂಡರೆ ಅಗ್ಗದಲ್ಲಿ ಮುಗಿಯುತ್ತದೆ ಅನ್ನುವವರನ್ನು ನಂಬಬೇಡಿ. ಸಮುದಾಯದಲ್ಲಿ ಹಿಂದಿನಿಂದ ಬಂದ ವಿಚ್ಛೇದನದ ಪದ್ಧತಿ ಇದೆ ಅಂತ ಕೋರ್ಟಿನಲ್ಲಿ ಸಾಬೀತು ಮಾಡಲಾಗದಿದ್ದರೆ ಆ ಕಾಗದಕ್ಕೆ ಬೆಲೆ ಇಲ್ಲ, ಇನ್ನೊಂದು ಮದುವೆಯಾಗುವಾಗ ಸಿಕ್ಕಿ ಬೀಳುತ್ತೀರಿ. ಕ್ರೈಸ್ತರಲ್ಲಿ ಚರ್ಚಿನ ನ್ಯಾಯಮಂಡಳಿ ಮದುವೆ ರದ್ದು ಮಾಡಿದರೂ ಕಾನೂನಿನ ಮಟ್ಟಿಗೆ ಸಿವಿಲ್ ಕೋರ್ಟಿನ ಡಿಕ್ರಿ ಬೇಕೇ ಬೇಕು. ಅದಕ್ಕೆ ಮಾನ್ಯತೆ ಕೊಡಿ ಅಂತ ಮಂಗಳೂರಿನ ವಕೀಲ ಕ್ಲಾರೆನ್ಸ್ ಪಾಯ್ಸ್ ಸುಪ್ರೀಂ ಕೋರ್ಟಿಗೆ ಹೋಗಿದ್ದರು, 2017ರ ಜನವರಿಯಲ್ಲಿ ಆ ಅರ್ಜಿ ವಜಾ ಆಯಿತು. ಹಾಗಾಗಿ ಎರಡೂ ಕಡೆಯ ಖರ್ಚನ್ನು ಲೆಕ್ಕಕ್ಕೆ ಹಿಡಿಯಬೇಕು.

ಈಗ ಆ ಇಬ್ಬರು ವಕೀಲರ ಹತ್ತಿರ ಹಾಳೆ ಹಿಡಿದು ಮತ್ತೆ ಹೋಗಿ. ಈ ಫೀಯಲ್ಲಿ ಏನೇನು ಸೇರಿದೆ, ಎರಡನೇ ಹೇಳಿಕೆ ತನಕವಾ, ಕರಾರು ಬರೆಯುವುದೂ ಸೇರಿದೆಯಾ, ಟೈಪಿಂಗು, ಗುಮಾಸ್ತರ ಖರ್ಚು, ಡಿಕ್ರಿಯ ನಕಲು ಬೇರೆಯಾ, ಕೊನೆಗಳಿಗೆಯಲ್ಲಿ ಒಪ್ಪಿಗೆ ಮುರಿದರೆ ಕೊಟ್ಟ ಹಣ ಏನಾಗುತ್ತದೆ ಅಂತ ಕೇಳಿ. ಬರೆದು ಕೊಡಿ ಅನ್ನಲು ಸಂಕೋಚ ಬೇಡ. ಸಿಗುವ ಜೀವನಾಂಶದಲ್ಲಿ ಇಷ್ಟು ಪರ್ಸೆಂಟ್ ಕೊಡಿ ಅನ್ನುವವರಿಂದ ಎದ್ದು ಬನ್ನಿ, ಅಂಥ ಫೀಗೆ ಬಾರ್ ಕೌನ್ಸಿಲ್ ನಿಯಮದಲ್ಲೇ ಅವಕಾಶ ಇಲ್ಲ.

ಕೈಯಲ್ಲಿ ದುಡ್ಡೇ ಇಲ್ಲದಿದ್ದರೆ? ಮಹಿಳೆಯರಿಗೆ ಆದಾಯ ಎಷ್ಟೇ ಇರಲಿ, 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯ್ದೆಯಡಿ ಉಚಿತ ವಕೀಲರನ್ನು ಪಡೆಯುವ ಹಕ್ಕಿದೆ. ಪರಿಶಿಷ್ಟ ಜಾತಿ, ಪಂಗಡದವರಿಗೂ ಅಂಗವಿಕಲರಿಗೂ ಇದೆ. ಕೇಸು ಹೋರಾಟಕ್ಕೆ ತಿರುಗಿದರೆ ಹಿಂದೂ ವಿವಾಹ ಕಾಯ್ದೆಯ 24ನೇ ಕಲಂನಡಿ, ಸ್ವಂತ ಆದಾಯ ಸಾಲದವರು ಕೇಸಿನ ಖರ್ಚನ್ನೂ ಆ ತನಕದ ಜೀವನಾಂಶವನ್ನೂ ಎದುರು ಪಕ್ಷದಿಂದ ಕೇಳಬಹುದು. ಉಡುಪಿಯಲ್ಲೂ ಮಂಗಳೂರಿನಲ್ಲೂ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದ ಕಚೇರಿ ಇದೆ, ಸಹಾಯವಾಣಿ 15100. ಹೋಗುವಾಗ ಮದುವೆಯ ಕರೆಯೋಲೆ, ಒಂದೆರಡು ಫೋಟೋ, ನೋಂದಣಿ ಆಗಿದ್ದರೆ ಅದರ ಪ್ರಮಾಣಪತ್ರ, ಮಗಳ ಜನನ ಪ್ರಮಾಣಪತ್ರ, ಆಧಾರ್, ಜೊತೆಗೆ ನೀವು ಬರೆದ ಆ ಹಾಳೆಯನ್ನೂ ತೆಗೆದುಕೊಂಡು ಹೋಗಿ.