ಡ್ಯುಯಲ್ ಟಾಸ್ಕ್ ನಡಿಗೆ: ತಲೆಗೆ ಪೆಟ್ಟಾದವರನ್ನು ನಡೆಸುತ್ತಾ ಲೆಕ್ಕ ಕೇಳುವುದು ಯಾಕೆ?

ನಡೆಯುತ್ತಲೇ ತಲೆಗೆ ಇನ್ನೊಂದು ಕೆಲಸ ಕೊಡುವುದನ್ನು ವೈದ್ಯರು ಡ್ಯುಯಲ್ ಟಾಸ್ಕ್ ನಡಿಗೆ ಎನ್ನುತ್ತಾರೆ. ಮಂಗಳೂರಿನ ಸ್ಟೇಟ್ ಬ್ಯಾಂಕ್ ಬಸ್ ಸ್ಟ್ಯಾಂಡಿನಲ್ಲಿ ಬಸ್ಸಿನ ಬೋರ್ಡ್ ಓದುತ್ತಾ, ಫೋನಿನಲ್ಲಿ ಮಾತಾಡುತ್ತಾ ಜನರ ನಡುವೆ ನುಸುಳುವವರೆಲ್ಲ ಮಾಡುವುದು ಇದನ್ನೇ. ಕನ್ಕಷನ್ ಆದವರು ತಡವರಿಸುವುದೂ ಇಲ್ಲೇ.

ಪೆಟ್ಟಿನ ರಭಸಕ್ಕೆ ಮಿದುಳು ಅಲುಗಿ, ಅದರ ಕೆಲಸ ಸ್ವಲ್ಪ ಕಾಲ ಏರುಪೇರಾಗುವುದೇ ಕನ್ಕಷನ್. ಹೆಚ್ಚಿನವರಿಗೆ ಪ್ರಜ್ಞೆ ತಪ್ಪುವುದಿಲ್ಲ. ಸಿಟಿ ಸ್ಕ್ಯಾನ್ ಕೂಡ ಸಾಮಾನ್ಯವಾಗಿ ನಾರ್ಮಲ್ ಬರುತ್ತದೆ. ರಕ್ತಸ್ರಾವ, ಮೂಳೆ ಮುರಿತ ಸ್ಕ್ಯಾನಿಗೆ ಸಿಗುತ್ತವೆ. ನರಕೋಶಗಳ ಒಳಗಿನ ಏರುಪೇರು ಸಿಗುವುದಿಲ್ಲ. "ಸ್ಕ್ಯಾನಿನಲ್ಲಿ ಎಂತ ಇಲ್ಲ, ನಡೀತಾ ಇದ್ದಾನಲ್ಲ, ಇನ್ನೆಂತ?" ಎಂದು ಮನೆಯವರು ನಿಟ್ಟುಸಿರು ಬಿಡುವುದು ಸಹಜ. ಆದರೆ ಸುಮ್ನೆ ನಡೆಯುವುದು ಮಿದುಳಿಗೆ ಅಷ್ಟು ದೊಡ್ಡ ಕೆಲಸವೇ ಅಲ್ಲ.

ಹೊನಲು ಬೆಳಕಿನ ಕಬಡ್ಡಿಯಲ್ಲಿ ತಲೆ ಬಡಿಸಿಕೊಂಡ ಹುಡುಗನೊಬ್ಬನನ್ನು ಪರೀಕ್ಷಿಸುತ್ತಿದ್ದಾರೆ ಎಂದುಕೊಳ್ಳಿ. ನೆಲಕ್ಕೆ 3 ಮೀಟರ್ ಉದ್ದದ ಟೇಪ್ ಅಂಟಿಸಿರುತ್ತಾರೆ. ಒಂದು ಪಾದದ ಹಿಮ್ಮಡಿಗೆ ಇನ್ನೊಂದರ ಬೆರಳು ತಾಗಿಸುತ್ತಾ ಅದರ ಮೇಲೆ ಹೋಗಿ, ತಿರುಗಿ ವಾಪಸ್ ಬರಬೇಕು. ಬಂದ. ಈಗ ಅದೇ ನಡಿಗೆ, ಜೊತೆಗೆ 100ರಿಂದ ಏಳೇಳು ಕಳೆಯುತ್ತಾ ಹೋಗಬೇಕು. 93, 86... ಹೆಜ್ಜೆ ನಿಧಾನವಾಗುತ್ತದೆ. ಮೈ ಎಡಕ್ಕೂ ಬಲಕ್ಕೂ ವಾಲುತ್ತದೆ. ಇಲ್ಲವೇ ಕಾಲು ಸರಿಯಾಗಿ ಸಾಗಿ, ಲೆಕ್ಕ ನಿಂತೇ ಹೋಗುತ್ತದೆ. ಗಮನ ಎರಡೂ ಕಡೆಗೆ ಸಾಲುತ್ತಿಲ್ಲ ಎನ್ನುವುದು ಹೀಗೆ ಹೊರಗೆ ಬೀಳುತ್ತದೆ. ಆರೋಗ್ಯವಂತರೂ ಇಲ್ಲಿ ಸ್ವಲ್ಪ ನಿಧಾನವಾಗುತ್ತಾರೆ, ಹಾಗಾಗಿ ಎಷ್ಟು ಕುಸಿಯಿತು ಎಂಬುದನ್ನು ನೋಡಬೇಕು. ಆಟಗಾರರ ತಪಾಸಣೆಗೆ ವೈದ್ಯರು ಬಳಸುವ ಸ್ಕ್ಯಾಟ್ ಎಂಬ ನಮೂನೆಯ 2023ರ ಆವೃತ್ತಿಯಲ್ಲಿ ಈ ಪರೀಕ್ಷೆಯೂ ಇದೆ.

ಕಣ್ಣು, ಒಳಕಿವಿ, ಪಾದ ಮತ್ತು ಕೀಲುಗಳಿಂದ ಬರುವ ಸುದ್ದಿಯನ್ನೆಲ್ಲ ಮಿದುಳು ಒಟ್ಟುಗೂಡಿಸಿದರೇ ನಮಗೆ ಸಮತೋಲ. ಎಂದಿನಂತೆ ಇದು ತನ್ನಷ್ಟಕ್ಕೆ ನಡೆಯುತ್ತದೆ. ಪೆಟ್ಟಾದ ಮೇಲೆ ಇದಕ್ಕೂ ಗಮನ ಕೊಡಬೇಕಾಗಬಹುದು. ಆಗ ಲೆಕ್ಕಕ್ಕೆ, ಮಾತಿಗೆ ಉಳಿಯುವುದು ಕಡಿಮೆ.

ಹೆಚ್ಚಿನ ದೊಡ್ಡವರಿಗೆ ಎರಡು ವಾರದೊಳಗೆ ತಲೆನೋವು, ತಲೆಸುತ್ತು ಇಳಿಯುತ್ತವೆ. ಮಕ್ಕಳಿಗೆ ಒಂದು ತಿಂಗಳೂ ಹಿಡಿಯಬಹುದು. ಆದರೆ ಅಮೆರಿಕದ ಓರೆಗಾನ್ ವಿಶ್ವವಿದ್ಯಾಲಯದ ಸಂಶೋಧಕರು 2013ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಕನ್ಕಷನ್ ಆದ ಹದಿಹರೆಯದವರ ಜೋಡಿ ಕೆಲಸದ ನಡಿಗೆಯಲ್ಲಿ ಎರಡು ತಿಂಗಳ ಬಳಿಕವೂ ವಾಲಾಟ ಕಂಡಿತ್ತು. ನನಗೆ ಕಳವಳ ಇರುವುದು ಈ ನಡುವಿನ ದಿನಗಳ ಬಗ್ಗೆಯೇ. ನೋವು ಹೋಯಿತೆಂದು ಹುಡುಗ ಅಂಕಣಕ್ಕೆ ಇಳಿಯುತ್ತಾನೆ. ಅಲ್ಲಿ ಎದುರಾಳಿಯನ್ನು ನೋಡುತ್ತಾ, ಉಸಿರು ಕಟ್ಟಿ ಕಬಡ್ಡಿ ಹೇಳುತ್ತಾ ಕಾಲು ಸಂಭಾಳಿಸಬೇಕಲ್ವಾ?

ಆಟಕ್ಕೆ ಮರಳುವುದು ವೈದ್ಯರು ಹೇಳಿದ ಮೇಲೆಯೇ, ಅದೂ ಹಂತಹಂತವಾಗಿ. ಮಳೆಗಾಲದಲ್ಲಿ ಪಾಚಿಗಟ್ಟಿದ ಅಂಗಳ, ಕಾಲುಸಂಕ ದಾಟುವಾಗ ಫೋನ್ ಜೇಬಿನಲ್ಲೇ ಇರಲಿ. ಜೊತೆಗಿರುವವರೂ ಆಗ ಮಾತಿಗೆಳೆಯಬೇಡಿ. ತಲೆನೋವು ಏರುತ್ತಾ ಹೋದರೆ, ಮತ್ತೆ ಮತ್ತೆ ವಾಂತಿಯಾದರೆ, ಫಿಟ್ಸ್ ಬಂದರೆ, ಎಬ್ಬಿಸಿದರೂ ಏಳದಷ್ಟು ಮಂಪರು ಕವಿದರೆ ಮಾತ್ರ ಕಾಯಬೇಡಿ, ಕೂಡಲೇ ಆಸ್ಪತ್ರೆಗೆ ಕರೆದುಕೊಂಡು ಹೋಗಿ.