ವೇಗಕ್ಕಿಂತ ಮೊದಲು ದನಿ

ಪರದೆಯ ಮೇಲಿನ ಬರಹವನ್ನು ಫೋನ್ ಓದಿ ಹೇಳಿದ್ದು ಅರ್ಥವಾಗದಿದ್ದರೆ ಎಲ್ಲರ ಬೆರಳೂ ನೇರ ಹೋಗುವುದು ವೇಗದ ಸ್ಲೈಡರಿಗೆ. ಅದು ಕೊನೆಯಲ್ಲಿ ಮುಟ್ಟಬೇಕಾದ್ದು. ಓದುತ್ತಿರುವ ದನಿ ಯಾವ ಭಾಷೆಯದು ಅಂತ ಮೊದಲು ನೋಡಿ. ಇಂಗ್ಲಿಷ್ ದನಿಗೆ ಕನ್ನಡ ಅಕ್ಷರ ಓದಲು ಬರುವುದಿಲ್ಲ. ಸಾಲನ್ನೇ ಹಾರಿಸಿ, ನಡುವೆ ಸಿಕ್ಕ ಅಂಕಿಯನ್ನೋ ಇಂಗ್ಲಿಷ್ ಪದವನ್ನೋ ಮಾತ್ರ ಹೇಳಿ ಮುಗಿಸುತ್ತದೆ. ವೇಗ ಎಷ್ಟು ತಗ್ಗಿಸಿದರೂ ಅಲ್ಲಿ ಪ್ರಯೋಜನವಿಲ್ಲ.

ಆಂಡ್ರಾಯ್ಡ್‌ನಲ್ಲಿ ಸೆಟ್ಟಿಂಗ್ಸ್, ಆಕ್ಸೆಸಿಬಿಲಿಟಿ, ಅದರೊಳಗೆ ಟೆಕ್ಸ್ಟ್-ಟು-ಸ್ಪೀಚ್. ಸ್ಯಾಮ್‌ಸಂಗ್ ಫೋನಿನಲ್ಲಿ ಇದು ಜನರಲ್ ಮ್ಯಾನೇಜ್‌ಮೆಂಟ್ ಕೆಳಗಿರುತ್ತದೆ, ಎಂಜಿನ್ (ಬರಹವನ್ನು ದನಿಯಾಗಿಸುವ ತಂತ್ರಾಂಶ) ಕೂಡ ಸ್ಯಾಮ್‌ಸಂಗ್‌ನದೇ ಆಗಿರಬಹುದು. ಅದರಲ್ಲಿ ಕನ್ನಡ ಕಾಣದಿದ್ದರೆ ಗೂಗಲ್ ಎಂಜಿನ್ ಆರಿಸಿಕೊಳ್ಳಿ. ಎಂಜಿನ್ ಹೆಸರಿನ ಪಕ್ಕದ ಗಿಯರ್ ಚಿಹ್ನೆ ಒತ್ತಿ, ‘ಇನ್‌ಸ್ಟಾಲ್ ವಾಯ್ಸ್ ಡೇಟಾ’ದಲ್ಲಿ ಕನ್ನಡ ಇಳಿಸಿಕೊಳ್ಳಿ. ಅಲ್ಲಿ ಗಂಡು, ಹೆಣ್ಣು ದನಿಗಳೆರಡೂ ಇವೆ. ಒಂದೊಂದನ್ನೂ ಕೇಳಿ ನೋಡಿ. ಐಫೋನ್‌ನಲ್ಲಿ ಆಕ್ಸೆಸಿಬಿಲಿಟಿಯೊಳಗೆ ‘ಸ್ಪೋಕನ್ ಕಂಟೆಂಟ್’ (ಹೊಸ ಆವೃತ್ತಿಯಲ್ಲಿ ‘ರೀಡ್ ಅಂಡ್ ಸ್ಪೀಕ್’), ಅಲ್ಲಿಂದ ವಾಯ್ಸಸ್. ‘ಸ್ಪೀಕ್ ಸ್ಕ್ರೀನ್’ ಆನ್ ಮಾಡಿಟ್ಟರೆ, ಎರಡು ಬೆರಳನ್ನು ಪರದೆಯ ಮೇಲಂಚಿನಿಂದ ಕೆಳಗೆಳೆದಾಗ ಓದು ಶುರುವಾಗುತ್ತದೆ.

ದನಿ ಸರಿಯಾದ ಮೇಲೆ ವೇಗ. ನಿಧಾನವಾದಷ್ಟೂ ಸುಲಭ ಎಂಬುದು ಅರ್ಧ ಸತ್ಯ. ಕನ್ನಡದಲ್ಲಿ ಕ್ರಿಯಾಪದ ಬರುವುದು ವಾಕ್ಯದ ಕೊನೆಗೆ. ಓದು ತೀರಾ ಎಳೆದರೆ ‘ಮಾಡಿದರು’ ಬರುವಷ್ಟರಲ್ಲಿ ಯಾರು ಮಾಡಿದರು ಎಂಬುದೇ ಮರೆತಿರುತ್ತದೆ. ವೇಗ ಅತಿಯಾದರೆ ಒತ್ತಕ್ಷರಗಳು ನುಂಗಿಹೋಗುತ್ತವೆ. ಸ್ಲೈಡರ್ ಪಕ್ಕದ ಮಾದರಿ ವಾಕ್ಯ ತೀರ್ಮಾನಕ್ಕೆ ಸಾಲದು. ಮೊದಲು ಓದಿರದ ಬರಹವೊಂದನ್ನು ಐದು ನಿಮಿಷ ಕೇಳಿ, ಆಮೇಲೆ ಒಂದು ಕೂದಲೆಳೆ ಆಚೀಚೆ ಸರಿಸಿ. ಕಿವಿ ಪಳಗಲು ಕೆಲವು ದಿನ ಬೇಕು; ಇಂದು ಅವಸರ ಅನಿಸಿದ್ದು ಮುಂದಿನ ವಾರ ಹದವಾಗಿ ಕೇಳೀತು.

ಪಿಚ್‌ಗೆ (ದನಿಯ ಏರು-ತಗ್ಗಿನ ಮಟ್ಟಕ್ಕೆ) ಹೆಚ್ಚು ಕೈ ಹಾಕದಿರುವುದೇ ಒಳ್ಳೆಯದು. ವಯಸ್ಸಾದವರಿಗೆ ಸಾಮಾನ್ಯವಾಗಿ ಮೊದಲು ಕೈಕೊಡುವುದು ಸ, ಶ ಥರದ ಸಣ್ಣ ಸದ್ದುಗಳು. ಪಿಚ್ ತಗ್ಗಿಸಿದರೆ ಅವು ಮರಳಿ ಬರುವುದಿಲ್ಲ, ದನಿ ಗೊಗ್ಗರಾಗುತ್ತದೆ ಅಷ್ಟೇ. ಬೇರೆ ದನಿ ಆರಿಸುವುದು, ಇಯರ್‌ಫೋನ್ ಹಾಕುವುದು ಅದಕ್ಕಿಂತ ವಾಸಿ. ಒಂದು ಕಿವಿ ಮಂದವಾಗಿದ್ದರೆ ಆಕ್ಸೆಸಿಬಿಲಿಟಿಯ ಆಡಿಯೋ ಭಾಗದಲ್ಲಿರುವ ಎಡ-ಬಲ ಬ್ಯಾಲೆನ್ಸನ್ನು ಚೆನ್ನಾಗಿ ಕೇಳುವ ಕಡೆಗೆ ಸರಿಸಿ. ಬ್ಲೂಟೂತ್‌ನಲ್ಲಿ ಮೊದಲ ಪದದ ತಲೆ ಹಾರಿದರೆ ಅದು ಎಂಜಿನ್ನಿನ ತಪ್ಪಲ್ಲ; ಮಲಗಿದ್ದ ಇಯರ್‌ಫೋನ್ ಎಚ್ಚರಗೊಳ್ಳಲು ಹಿಡಿಯುವ ಕ್ಷಣ ಅದು.

ಹೆಸರೊಂದನ್ನು ಪದೇ ಪದೇ ತಪ್ಪಾಗಿ ಉಚ್ಚರಿಸುತ್ತಿದ್ದರೆ ಐಫೋನ್‌ನ ‘ಪ್ರೊನನ್ಸಿಯೇಷನ್ಸ್’ನಲ್ಲಿ ಆ ಪದವನ್ನೂ ಅದನ್ನು ಹೇಳಬೇಕಾದ ರೀತಿಯನ್ನೂ ಬರೆದಿಡಬಹುದು.

ಇಷ್ಟಾದರೂ ಕೆಲವು ಪಿಡಿಎಫ್‌ಗಳು ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳಾಗಿ ಕೇಳಿಸುತ್ತವೆ. ಅವು ಯೂನಿಕೋಡ್ (ಪ್ರತಿ ಲಿಪಿಯ ಅಕ್ಷರಕ್ಕೂ ಅದರದೇ ಸಂಕೇತ ಕೊಡುವ ಪದ್ಧತಿ) ಅಲ್ಲದ ಹಳೆಯ ಫಾಂಟಿನಲ್ಲಿ ಸಿದ್ಧವಾದವು: ಕಣ್ಣಿಗೆ ಕನ್ನಡ, ಫೋನಿನ ಪಾಲಿಗೆ ಇಂಗ್ಲಿಷ್ ಅಕ್ಷರ, ಚಿಹ್ನೆಗಳ ಕಲಸುಮೇಲೋಗರ. ಒಂದು ಸಾಲು ಕಾಪಿ ಮಾಡಿ ಮೆಸೇಜ್ ಬಾಕ್ಸಿನಲ್ಲಿ ಪೇಸ್ಟ್ ಮಾಡಿದರೆ ಗುಟ್ಟು ಬಯಲಾಗುತ್ತದೆ. ಅಂಥ ಕಡತವನ್ನು ಪರಿವರ್ತಕದಲ್ಲಿ ಹಾಕಿ ಯೂನಿಕೋಡ್‌ಗೆ ತಂದ ಮೇಲೆಯೇ ಫೋನ್ ಅದನ್ನು ಓದೀತು.