ಪ್ರಿಂಟರ್ ಸ್ವಿಚ್ ಬಾಕ್ಸ್ ಲೇಸರ್‌ಗೆ ಆಗುತ್ತದಾ?

ಒಂದೇ ಲೇಸರ್ ಪ್ರೊಜೆಕ್ಟರ್, ಎರಡು ಕಂಟ್ರೋಲರ್. ಒಂದರಲ್ಲಿ ಷೋ ಓಡುತ್ತದೆ, ಇನ್ನೊಂದು ಬ್ಯಾಕಪ್. ಪ್ರತಿ ಸಲ ಪ್ರೊಜೆಕ್ಟರ್ ಹಿಂದೆ ಹೋಗಿ ಕೇಬಲ್ ಕಿತ್ತು ಬೇರೆಯದು ಹಾಕುವುದು ತಲೆನೋವು. ಹಿಂದೆ ಒಂದು ಪ್ರಿಂಟರನ್ನು ಎರಡು ಕಂಪ್ಯೂಟರ್‌ಗೆ ಹಂಚಲು ಬಳಸುತ್ತಿದ್ದ, ಮುಂದೆ ದೊಡ್ಡ ನಾಬ್ ಇರುವ ಎ-ಬಿ ಸ್ವಿಚ್ ಬಾಕ್ಸನ್ನು ಇಲ್ಲಿ ಬಳಸಬಹುದಾ ಎಂದು ತುಂಬಾ ಜನ ಕೇಳುತ್ತಾರೆ. ಬಳಸಬಹುದು. ಲೇಸರ್ ಷೋ ಮಾಡುವವರ ಅಂತರರಾಷ್ಟ್ರೀಯ ಸಂಘ ಇಲ್ಡಾ. ಅದರ ಸ್ಟ್ಯಾಂಡರ್ಡ್ ಲೇಸರ್‌ಗೆ ಆರಿಸಿಕೊಂಡ ಕನೆಕ್ಟರ್ 25 ಪಿನ್‌ನ ಡಿಬಿ-25. ಕಂಪ್ಯೂಟರ್‌ನಲ್ಲಿ ಪ್ರಿಂಟರ್ ಸಿಕ್ಕಿಸುತ್ತಿದ್ದ ಹಳೆ ಪ್ಯಾರಲಲ್ ಪೋರ್ಟ್‌ನದ್ದೂ ಅದೇ. ಆದರೆ ಕನೆಕ್ಟರ್ ಸಲೀಸಾಗಿ ಕೂತ ಮಾತ್ರಕ್ಕೆ ಒಳಗಿನ ವೈರಿಂಗ್ ಸರಿ ಇದೆ ಎಂದೇನಿಲ್ಲ.

ಮೊದಲನೆಯದಾಗಿ, ನಾಬ್ ತಿರುಗಿಸುವ ಮೆಕ್ಯಾನಿಕಲ್ ಬಾಕ್ಸೇ ಆಗಬೇಕು. ತಾನೇ ಬದಲಾಗುವ ಆಟೋ ಬಾಕ್ಸ್‌ಗಳ ಒಳಗೆ ಡಿಜಿಟಲ್ ಚಿಪ್ ಇರುತ್ತದೆ. ಅದಕ್ಕೆ ಗೊತ್ತಿರುವುದು 0 ಮತ್ತು 5 ವೋಲ್ಟ್ ಅಷ್ಟೇ. ಲೇಸರ್‌ನ ಎಕ್ಸ್, ವೈ ಸಿಗ್ನಲ್ (ಕನ್ನಡಿಗಳನ್ನು ಆಡಿಸಿ ಕಿರಣವನ್ನು ಅಡ್ಡಕ್ಕೂ ಮೇಲೆ ಕೆಳಗೂ ಸರಿಸುವಂಥದ್ದು) ಹಾಗಲ್ಲ. ಪ್ರತಿ ವೈರಿನಲ್ಲೂ ಮೈನಸ್ 5ರಿಂದ ಪ್ಲಸ್ 5 ವೋಲ್ಟ್‌ವರೆಗೆ ಎಡೆಬಿಡದೆ ಏರಿಳಿಯುವ ಅನಲಾಗ್ ಸಿಗ್ನಲ್ ಅದು. ಮೆಕ್ಯಾನಿಕಲ್ ಸ್ವಿಚ್ ಬರೀ ತಾಮ್ರ ಮತ್ತು ಕಾಂಟ್ಯಾಕ್ಟ್. ಏನು ಕೊಟ್ಟರೂ ಹಾಗೇ ದಾಟಿಸುತ್ತದೆ.

ಇನ್ನು ನಿಜವಾದ ತೊಂದರೆಗೆ ಬರೋಣ. ಲೇಸರ್‌ನಲ್ಲಿ ಎಕ್ಸ್, ವೈ ಮತ್ತು ಬಣ್ಣದ ಪ್ರತಿ ಸಿಗ್ನಲ್‌ಗೂ ಎರಡು ವೈರ್: ಒಂದು ಪ್ಲಸ್, ಒಂದು ಮೈನಸ್. ಕೆಂಪಿಗೆ ಪಿನ್ 5 ಮತ್ತು 18, ಹಸಿರಿಗೆ 6 ಮತ್ತು 19, ನೀಲಿಗೆ 7 ಮತ್ತು 20. ಪ್ರಿಂಟರ್ ಪೋರ್ಟ್‌ನಲ್ಲಿ 18ರಿಂದ 25ರವರೆಗಿನ ಪಿನ್‌ಗಳೆಲ್ಲ ಗ್ರೌಂಡ್. ಹಾಗಾಗಿ ಖರ್ಚು ಉಳಿಸಲು ಕೆಲವು ಕೇಬಲ್, ಕೆಲವು ಬಾಕ್ಸ್‌ಗಳಲ್ಲಿ ಈ ಎಂಟನ್ನೂ ಒಟ್ಟಿಗೆ ಸೇರಿಸಿ ಒಂದೇ ವೈರ್ ಎಳೆದಿರುತ್ತಾರೆ. ಪ್ರಿಂಟರ್‌ಗೆ ಅದು ನಡೆಯುತ್ತದೆ. ಲೇಸರ್‌ಗೆ ಹಾಕಿದರೆ ಮೂರೂ ಬಣ್ಣದ ಮೈನಸ್ ವೈರ್ ಗ್ರೌಂಡ್‌ಗೆ ಶಾರ್ಟ್.

ಇದರ ಲಕ್ಷಣ ಮಜವಾಗಿದೆ. ಎಕ್ಸ್, ವೈಗಳ ಮೈನಸ್ ವೈರ್ ಇರುವುದು 14, 15ರಲ್ಲಿ. ಅವಕ್ಕೆ ಏನೂ ಆಗುವುದಿಲ್ಲ. ಚಿತ್ರ ಸರಿಯಾಗಿಯೇ ಬರುತ್ತದೆ, ಬಣ್ಣ ಮಾತ್ರ ಮಂಕು. ಜನ ಸುಮ್ನೆ ಸಾಫ್ಟ್‌ವೇರ್‌ನಲ್ಲಿ ಬಣ್ಣ ಜಾಸ್ತಿ ಮಾಡುತ್ತಾ ಕೂರುತ್ತಾರೆ. ಕೆಲವು ಅಗ್ಗದ ಕಂಟ್ರೋಲರ್‌ಗಳಲ್ಲಿ ಬಣ್ಣದ ಮೈನಸ್ಸನ್ನು ಮೊದಲೇ ಗ್ರೌಂಡ್‌ಗೆ ಸೇರಿಸಿರುತ್ತಾರೆ. ಅವುಗಳ ಜೊತೆ ಈ ಕೇಬಲ್ ಚೆನ್ನಾಗಿಯೇ ಓಡುತ್ತದೆ. ಆಗ ಅನುಮಾನ ಹೋಗುವುದು ಒಳ್ಳೆಯ ಕಂಟ್ರೋಲರ್ ಮೇಲೆ! ಅದರ ಔಟ್‌ಪುಟ್‌ಗೆ ಪೆಟ್ಟು ಬೀಳುವ ಸಾಧ್ಯತೆಯೂ ಇದೆ.

ಈ ಕೇಬಲ್ ಒಳಗೆ ನುಸುಳುವುದಕ್ಕೂ ಕಾರಣವಿದೆ. ಬಾಕ್ಸ್‌ನ ಕನೆಕ್ಟರ್‌ಗಳೆಲ್ಲ ಸಾಮಾನ್ಯವಾಗಿ ಫೀಮೇಲ್. ಕಂಟ್ರೋಲರ್ ಔಟ್‌ಪುಟ್ ಕೂಡ ಫೀಮೇಲ್. ಎರಡೂ ತುದಿ ಮೇಲ್ ಇರುವ ಕೇಬಲ್ ಬೇಕಾಗುತ್ತದೆ, ಆಗ ಕೈಗೆ ಸಿಗುವುದು ಹಳೆ ಪ್ರಿಂಟರ್ ಸಾಮಾನೇ. ಮಲ್ಟಿಮೀಟರನ್ನು ಬೀಪ್ ಮೋಡ್‌ನಲ್ಲಿಟ್ಟು ಕೇಬಲನ್ನೂ ಬಾಕ್ಸನ್ನೂ ಬೇರೆ ಬೇರೆಯಾಗಿ ನೋಡಿ. ಆಗ ಯಾವುದಕ್ಕೂ ಕನೆಕ್ಟ್ ಆಗಿರಬಾರದು. ಮೀಟರಿನ ಒಂದು ಮೊನೆಯನ್ನು ಪಿನ್ 18ಕ್ಕೆ, ಇನ್ನೊಂದನ್ನು 25ಕ್ಕೆ ಮುಟ್ಟಿಸಿ. ಬೀಪ್ ಬಂದರೆ ಅದು ಈ ಕೆಲಸಕ್ಕಲ್ಲ. ಬರದಿದ್ದರೆ 25 ಪಿನ್ನೂ ಆಚೆ ತುದಿಯ ಅದೇ ಪಿನ್‌ಗೆ ತಲುಪುತ್ತಿವೆಯಾ ಎಂದು ಒಂದೊಂದಾಗಿ ನೋಡಿ. ಬೇಜಾರಿನ ಕೆಲಸವೇ, ಆದರೆ ಒಂದು ಸಲ ಮಾಡಿದರೆ ಮುಗಿಯಿತು.

ಪಿನ್ 4 ಮತ್ತು 17 ಇಂಟರ್‌ಲಾಕ್. ಕಂಟ್ರೋಲರ್ ಕಡೆ ಇವೆರಡೂ ಸೇರಿರುತ್ತವೆ. ಕೇಬಲ್ ಕಿತ್ತು ಬಂದರೆ ಪ್ರೊಜೆಕ್ಟರ್‌ಗೆ ಅದು ತಿಳಿದು ಬೆಳಕು ನಿಲ್ಲುತ್ತದೆ. ನಾಬ್ ತಿರುಗಿಸುವಾಗಲೂ ಈ ಲೂಪ್ ಅರೆಕ್ಷಣ ಬಿಟ್ಟುಹೋಗುತ್ತದೆ. ಕೆಲವು ಪ್ರೊಜೆಕ್ಟರ್ ಪೂರ್ತಿ ಆಫ್ ಆಗಿ, ರೀಸೆಟ್ ಕೇಳುತ್ತವೆ. ಕಿರಿಕಿರಿ ಅಂತ ಬಾಕ್ಸ್ ಒಳಗೇ 4 ಮತ್ತು 17ನ್ನು ಸೇರಿಸಿ ಬೆಸುಗೆ ಹಾಕುವವರಿದ್ದಾರೆ. ದಯವಿಟ್ಟು ಬೇಡ. ಹಾಗೆ ಮಾಡಿದರೆ ಕಂಟ್ರೋಲರ್ ಕಡೆಯ ಕೇಬಲ್ ಕಿತ್ತುಬಂದರೂ ಪ್ರೊಜೆಕ್ಟರ್‌ಗೆ ಗೊತ್ತೇ ಆಗುವುದಿಲ್ಲ.

ತಿರುಗಿಸುವ ಹೊತ್ತಿನಲ್ಲಿ ಜಾಸ್ತಿ ಎಚ್ಚರ ಬೇಕು. ಎಲ್ಲ ಕಾಂಟ್ಯಾಕ್ಟೂ ಒಟ್ಟಿಗೆ ಬಿಡುತ್ತವೆ, ಒಟ್ಟಿಗೆ ಕೂರುತ್ತವೆ ಎನ್ನುವ ಖಾತರಿ ಇಲ್ಲ. ಬಣ್ಣ ಮೊದಲು ಕೂತು ಎಕ್ಸ್, ವೈ ಆಮೇಲೆ ಕೂತರೆ? ಕನ್ನಡಿಗಳು ನಿಂತಿರುತ್ತವೆ, ಪೂರ್ತಿ ಬೆಳಕು ಒಂದೇ ಬಿಂದುವಿಗೆ ಬೀಳುತ್ತದೆ. ಅದು ಕಣ್ಣಿಗೂ ಕ್ಯಾಮೆರಾ ಸೆನ್ಸರ್‌ಗೂ ಅಪಾಯ. ಆದ್ದರಿಂದ ಷೋ ಓಡುತ್ತಿರುವಾಗ ನಾಬ್ ಮುಟ್ಟಬೇಡಿ. ಮೊದಲು ಎರಡೂ ಕಂಟ್ರೋಲರ್‌ಗಳಲ್ಲಿ ಬ್ಲ್ಯಾಕೌಟ್ ಮಾಡಿ, ಪ್ರೊಜೆಕ್ಟರ್‌ನ ಶಟರ್ ಮುಚ್ಚಿ. ಆಮೇಲೆ ನಾಬನ್ನು ಒಂದೇ ಏಟಿಗೆ ಪೂರ್ತಿ ತಿರುಗಿಸಿ, ನಡುವೆ ನಿಲ್ಲಿಸಬೇಡಿ. ಶಟರ್ ತೆರೆದ ಮೇಲೆ, ಕಡಿಮೆ ಪವರ್‌ನಲ್ಲಿ ಟೆಸ್ಟ್ ಪ್ಯಾಟರ್ನ್ ಹಾಕಿ ನೋಡಿ. ಗೆರೆ ನಡುಗುತ್ತಿದ್ದರೆ ಕಾಂಟ್ಯಾಕ್ಟ್‌ನಲ್ಲಿ ಕಿಲುಬು ಹಿಡಿದಿರಬಹುದು. ಎಲ್ಲ ಆಫ್ ಮಾಡಿ, ಕೇಬಲ್ ಬಿಡಿಸಿ, ಕಾಂಟ್ಯಾಕ್ಟ್ ಕ್ಲೀನರ್ ಹೊಡೆದು ನಾಬನ್ನು ಕೆಲವು ಸಲ ಆಚೀಚೆ ತಿರುಗಿಸಿ. ಆದರೂ ನಡುಕ ನಿಲ್ಲದಿದ್ದರೆ ಬಾಕ್ಸ್ ಬದಲಿಸಿ.